ಮನೆಯ ಬೀರು, ಕಪಾಟು, ಅಟ್ಟಗಳ ಕ್ರಮದ ವಿಷಯವಾದ ಪಾಠ



ಮನೆಯ ಶುದ್ಧವನ್ನು ಕುರಿತು ಮಾತು ಬಂದಾಗ ನಮ್ಮಲ್ಲಿ ಬಹುಮಂದಿ ಅಂಗಳವನ್ನೂ ಅಡಿಗೆಮನೆಯನ್ನೂ ನೆನಸುತ್ತಾರೆ. ಬೆಳಿಗ್ಗೆ ಎದ್ದು ಅಂಗಳ ಗುಡಿಸುವದು, ನೀರು ಚಿಮುಕಿಸುವದು, ಪಾತ್ರೆಗಳನ್ನು ಬೆಳಗಿ ಸಾಲಾಗಿ ಇಡುವದು, ಇವುಗಳನ್ನು ನಮ್ಮ ತಾಯಂದಿರಿಗೆ ಯಾರೂ ಕಲಿಸಬೇಕಾದದ್ದಿಲ್ಲ. ಆದರೆ ಇವೆಲ್ಲಾ ಬಂದವರ ಕಣ್ಣಿಗೆ ಬೀಳುವ ಸ್ಥಳಗಳು. ಈ ತಿಂಗಳಿನ ಪಾಠವು ಕಣ್ಣಿಗೆ ಬೀಳದ ಸ್ಥಳಗಳ ವಿಷಯವಾಗಿದೆ. ಬಾಗಿಲು ಹಾಕಿದ ಬೀರು, ಗೋಡೆಯ ಕಪಾಟು, ಮಂಚದ ಕೆಳಗಿನ ಟ್ರಂಕು, ಏಣಿಯಿಲ್ಲದೆ ಎಟಕದ ಅಟ್ಟ, ಇವುಗಳೊಳಗೆ ಏನಿದೆ, ಎಷ್ಟು ದಿವಸದಿಂದ ಇದೆ, ಅದರ ಜೊತೆಯಲ್ಲಿ ಮತ್ತೇನು ಸೇರಿಕೊಂಡಿದೆ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಕೊಡಬಲ್ಲೆವು?

ಇದು ಸಣ್ಣ ವಿಷಯವೆಂದು ಕೆಲವರು ಹೇಳಬಹುದು. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು. ಆ ಎಣಿಕೆ ತಪ್ಪೆಂದು ನಮಗೆ ತಿಳಿದುಬಂದ ಸಂಗತಿಯನ್ನು ಮುಂದೆ ಹೇಳುವೆವು.

೧. ಹಳ್ಳಿಯ ಗೂಡಿನಿಂದ ಪಟ್ಟಣದ ಬೀರುವಿನ ವರೆಗೆ

ನಮ್ಮ ಹಿರಿಯರ ಮನೆಗಳಲ್ಲಿ ಸಾಮಾನು ಕಡಿಮೆ. ಗೋಡೆಯಲ್ಲಿ ದೀಪಕ್ಕೊಂದು ಗೂಡು, ಬಟ್ಟೆಗೆ ತೂಗುಹಾಕಿದ ಒಂದು ಬಿದಿರು ಗಳ, ಒಳ್ಳೆಯ ಸೀರೆ ಪಂಚೆಗಳಿಗೆ ಒಂದು ಮರದ ಪೆಟ್ಟಿಗೆ, ರಾಗಿಗೆ ಮಣ್ಣಿನ ವಾಡೆ ಅಥವಾ ನೆಲದೊಳಗಿನ ಹಗೇವು. ಇಷ್ಟೇ. ಇಟ್ಟದ್ದು ಸ್ವಲ್ಪವಾದದರಿಂದ ಎಲ್ಲವೂ ಬಳಕೆಯಲ್ಲಿರುತ್ತಿತ್ತು. ಬಳಕೆಯಲ್ಲಿದ್ದದರಿಂದ ಗಾಳಿ ಬೆಳಕು ಕಾಣುತ್ತಿತ್ತು.

ಈಗ ನಮ್ಮ ಸಭೆಗಳ ಮಕ್ಕಳು ಬಹುಮಂದಿ ಕೆಲಸಕ್ಕಾಗಿ ಬೆಂಗಳೂರಿಗೆ ಹೋಗಿ, ಶಿವಾಜಿನಗರದಲ್ಲಿಯೂ ಹಲಸೂರಿನಲ್ಲಿಯೂ ಕೃಷ್ಣರಾಜಪುರದ ಸುತ್ತಲೂ ಬಾಡಿಗೆಯ ಮನೆಗಳಲ್ಲಿ ಇದ್ದಾರೆ. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯಲ್ಲಿ ಐದು ಜನರು. ಆ ಐದು ಜನರ ಬಟ್ಟೆ, ಹಾಸಿಗೆ, ಕಾಗದಪತ್ರ, ಔಷಧ, ಮಕ್ಕಳ ಪುಸ್ತಕ, ಮದುವೆಯ ಪಾತ್ರೆ, ಎಲ್ಲಕ್ಕೂ ಒಂದೇ ಕಬ್ಬಿಣದ ಬೀರು ಮತ್ತು ತಲೆಯ ಮೇಲೆ ಒಂದು ಸಿಮೆಂಟಿನ ಅಟ್ಟ. ಗೋದ್ರೆಜ್ ಕಂಪೆನಿಯು ಉಕ್ಕಿನ ಬೀರುಗಳನ್ನು ಮಾಡಲಾರಂಭಿಸಿದ್ದು ೧೯೨೩ರಲ್ಲಿ. ಅಂದಿನಿಂದ ಇದು ಸಾಹುಕಾರರ ಮನೆಯಿಂದ ಬಡವರ ಮನೆಯ ವರೆಗೂ ಬಂದಿದೆ. ಹಳ್ಳಿಯಲ್ಲಿಯೂ ಮಗಳ ಮದುವೆಗೆ ಬೀರು ಕೊಡುವದು ವಾಡಿಕೆಯಾಗಿದೆ. ಬೀರು ಒಳ್ಳೆಯ ವಸ್ತು. ಇಲಿಯು ಅದನ್ನು ಕಡಿಯಲಾರದು, ಗೆದ್ದಲು ಅದನ್ನು ತಿನ್ನಲಾರದು. ಆದರೆ ಬಾಗಿಲು ಮುಚ್ಚಿದ ಮೇಲೆ ಒಳಗಿನ ಗಲೀಜು ಕಾಣದು ಎಂಬುವದೇ ಅದರ ಅಪಾಯ.

೨. ದಂಡಿನಲ್ಲಿ ಪ್ಲೇಗು ಬಂದ ಕಾಲ

ಕಾಣದ ಮೂಲೆಯು ಎಷ್ಟು ದೊಡ್ಡ ಕೇಡಿಗೆ ಕಾರಣವಾಗಬಹುದು ಎಂಬದಕ್ಕೆ ಬೆಂಗಳೂರಿನ ಚರಿತ್ರೆಯಲ್ಲಿಯೇ ಸಾಕ್ಷಿಯುಂಟು. ೧೮೯೬ರಲ್ಲಿ ಮುಂಬಯಿಯಲ್ಲಿ ಪ್ಲೇಗು ರೋಗವು ತಲೆದೋರಿತು. ಅದು ರೈಲುದಾರಿಯ ಗುಂಟ ಹಬ್ಬುತ್ತಾ ೧೮೯೮ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಆಗ ಪೇಟೆಯು ಮೈಸೂರು ಅರಸರ ಆಳಿಕೆಯಲ್ಲಿಯೂ ದಂಡು ಬ್ರಿಟಿಷ್ ರೆಸಿಡೆಂಟರ ಕೈಕೆಳಗೂ ಇದ್ದವು. ರೋಗವು ಆ ಗಡಿಯನ್ನು ನೋಡಲಿಲ್ಲ. ಜನರು ಮನೆಮಾರು ಬಿಟ್ಟು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಮೈಸೂರು ಸೀಮೆಗೆ ವಿ. ಪಿ. ಮಾಧವರಾಯರು ಪ್ಲೇಗು ಕಮಿಷನರರಾಗಿ ನೇಮಕವಾದರು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಆ ದಿವಸವೇ ಮನೆ ಬಿಡಬೇಕೆಂದು ನಮ್ಮ ಹಳ್ಳಿಗಳ ಮುದುಕರು ಬಹುಕಾಲ ಹೇಳುತ್ತಿದ್ದದ್ದು ಆ ಕಾಲದ ನೆನಪಿನಿಂದಲೇ.

ಆ ದಿವಸಗಳಲ್ಲಿ ರೋಗವು ಹೇಗೆ ಹಬ್ಬುತ್ತದೆಂದು ಸ್ಪಷ್ಟವಾಗಿ ತಿಳಿದಿರಲಿಲ್ಲ. ರೋಗದ ಅಣುಜೀವಿಯನ್ನು ಯೆರ್ಸಿನ್ ಎಂಬ ವೈದ್ಯನು ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡಿದ್ದನು. ಸತ್ತ ಇಲಿಯ ಮೈಯನ್ನು ಬಿಟ್ಟ ಚಿಗಟವು ಮನುಷ್ಯನನ್ನು ಕಚ್ಚಿ ರೋಗವನ್ನು ಕೊಡುತ್ತದೆಂದು ಸಿಮೊಂಡ್ ಎಂಬ ವೈದ್ಯನು ೧೮೯೮ರಲ್ಲಿಯೇ ಕರಾಚಿಯಲ್ಲಿ ತೋರಿಸಿದನು. ಆದರೂ ಅವನ ಮಾತನ್ನು ಎಲ್ಲರೂ ಒಪ್ಪಿಕೊಳ್ಳುವದಕ್ಕೆ ಇನ್ನೂ ಕೆಲವು ವರುಷಗಳು ಹಿಡಿದವು. ಈಗ ನಮಗೆ ಇದು ಗೊತ್ತು: ಇಲಿಗೆ ಬೇಕಾದದ್ದು ಕತ್ತಲೆ, ಕದಲದ ಗಂಟುಮೂಟೆ, ಮತ್ತು ಹತ್ತಿರದಲ್ಲಿ ಕಾಳು. ಹಂಚಿನ ಕೆಳಗಿನ ಅಟ್ಟ, ಮೂಲೆಯ ಹಳೆ ಚಿಂದಿ, ಮುಚ್ಚಳವಿಲ್ಲದ ಧಾನ್ಯದ ಮೂಟೆ, ಈ ಮೂರೂ ಇದ್ದ ಮನೆಯಲ್ಲಿ ಇಲಿಗೆ ಬೇಕಾದದ್ದೆಲ್ಲಾ ಇದ್ದಿತು. ಚಿಗಟಗಳು ಬಟ್ಟೆಯ ಗಂಟಿನಲ್ಲಿ ಸೇರಿ ಊರಿಂದ ಊರಿಗೂ ಹೋಗುವವು.

ಆ ಕಷ್ಟದ ದೆಸೆಯಿಂದ ದಂಡಿನ ಈಶಾನ್ಯ ದಿಕ್ಕಿನಲ್ಲಿ ಒಂದು ಹೊಸ ಬಡಾವಣೆ ಹುಟ್ಟಿತು. ಆಗಿನ ರೆಸಿಡೆಂಟರಾಗಿದ್ದ ಸ್ಟುವರ್ಟ್ ಫ್ರೇಸರರ ಹೆಸರಿನಿಂದ ಅದನ್ನು ಫ್ರೇಸರ್ ಟೌನ್ ಎಂದು ಕರೆದರು. ಈಗ ಅದಕ್ಕೆ ಪುಲಿಕೇಶಿನಗರವೆಂಬ ಹೆಸರೂ ಉಂಟು. ಜೆ. ಎಚ್. ಸ್ಟೀಫನ್ಸ್ ಎಂಬ ಇಂಜಿನಿಯರರು ಪ್ಲೇಗು ಹೊಗದಂಥ ಊರು ಕಟ್ಟುವ ಕ್ರಮವನ್ನು ಆಲೋಚಿಸಿ, ಬೆಂಗಳೂರಿನ ಈ ಪ್ರಯತ್ನದ ವಿಷಯವಾಗಿ ೧೯೧೪ರಲ್ಲಿ ಒಂದು ಪುಸ್ತಕವನ್ನೇ ಅಚ್ಚುಹಾಕಿಸಿದರು. ಮನೆಮನೆಗೂ ನಡುವೆ ಬಯಲು, ಕೋಣೆಕೋಣೆಗೂ ಗಾಳಿ ಬೆಳಕು, ಇಲಿಯು ತೋಡಿ ಮೇಲೆ ಬಾರದಂಥ ಗಟ್ಟಿಯಾದ ನೆಲಗಟ್ಟು, ಇವೇ ಅವರ ಆಲೋಚನೆಯ ಸಾರ. ಇಂದಿಗೂ ಆ ಬಡಾವಣೆಯಲ್ಲಿ ಅವರ ಹೆಸರಿನ ರಸ್ತೆಯುಂಟು.

ಇಲ್ಲಿ ನಾವು ಕಲಿಯತಕ್ಕ ಒಂದು ಮಾತುಂಟು. ಇಂಜಿನಿಯರನು ಗೋಡೆಯನ್ನೂ ನೆಲವನ್ನೂ ಕಿಟಿಕಿಯನ್ನೂ ಕೊಡಬಲ್ಲನು. ಆದರೆ ಆ ಕಿಟಿಕಿಗೆ ಅಡ್ಡಲಾಗಿ ಬೀರುವನ್ನು ನಿಲ್ಲಿಸಿ, ಅದರ ಮೇಲೆ ಮೂರು ಪೆಟ್ಟಿಗೆಗಳನ್ನು ಹೇರಿ, ಅವುಗಳ ಹಿಂದೆ ಹತ್ತು ವರುಷದ ಹಳೆ ಹಾಸಿಗೆಯನ್ನು ತುರುಕಿದರೆ, ಆ ಹೊಸ ಮನೆಯೊಳಗೆ ಹಳೆಯ ಅಟ್ಟವನ್ನು ನಾವೇ ಕಟ್ಟಿದಂತಾಯಿತು. ಆ ಬಳಿಕ ಯಾವ ಇಂಜಿನಿಯರನೂ ಏನೂ ಮಾಡಲಾರನು.

೩. ಕಿಟಿಕಿಯ ಹೊರಗಿನ ಪೀಪಾಯಿ

ಪ್ಲೇಗಿನ ಭಯವು ಈಗ ನಮ್ಮ ಸೀಮೆಯಲ್ಲಿ ಇಲ್ಲ. ಆದರೆ ಕತ್ತಲೆಯ ಮೂಲೆಯನ್ನು ಪ್ರೀತಿಸುವ ಬೇರೊಂದು ಶತ್ರುವು ಬಂದಿದೆ. ಅದರ ವಿಷಯವಾಗಿ ಹೇಳುವದಕ್ಕೆ ಮುಂಚೆ, ಪ್ಲೇಗಿಗಿಂತಲೂ ಹಿಂದೆ ಇದೇ ದಂಡಿನಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಕೇಳಿರಿ.

೧೮೮೩ರಲ್ಲಿ ರೊನಾಲ್ಡ್ ರಾಸ್ ಎಂಬ ಎಳೆಯ ವೈದ್ಯನು ಬೆಂಗಳೂರಿನ ದಂಡಿಗೆ ಕೆಲಸಕ್ಕೆ ಬಂದನು. ಅವನಿಗೆ ಕೊಟ್ಟ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಬಹಳ. ಅವನು ಹುಡುಕಿ ನೋಡಲಾಗಿ, ತನ್ನ ಕಿಟಿಕಿಯ ಹೊರಗೆ ಇದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆಯ ಮರಿಹುಳಗಳು ಕುಣಿದಾಡುತ್ತಿದ್ದವು. ಪೀಪಾಯಿಯನ್ನು ಬೋರಲು ಹಾಕಿಸಿದನು, ಸೊಳ್ಳೆಗಳು ಕಡಿಮೆಯಾದವು. ಸೊಳ್ಳೆಗೂ ಮಲೇರಿಯಾ ಜ್ವರಕ್ಕೂ ಇರುವ ಸಂಬಂಧವು ಆಗ ಯಾರಿಗೂ ತಿಳಿದಿರಲಿಲ್ಲ. ಹದಿನಾಲ್ಕು ವರುಷಗಳ ಮೇಲೆ, ೧೮೯೭ರ ಆಗಸ್ಟ್ ತಿಂಗಳಲ್ಲಿ, ಅದೇ ವೈದ್ಯನು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡನು. ಅದಕ್ಕಾಗಿ ೧೯೦೨ರಲ್ಲಿ ನೊಬೆಲ್ ಬಹುಮಾನವನ್ನು ಪಡೆದನು. ಆದರೆ ಸೊಳ್ಳೆಯು ದೂರದ ಕೆರೆಯಿಂದಲೇ ಬರಬೇಕೆಂಬದಿಲ್ಲ, ನಮ್ಮ ಕಿಟಿಕಿಯ ಹತ್ತಿರವೇ ಹುಟ್ಟುತ್ತದೆ ಎಂಬ ಪಾಠವನ್ನು ಅವನಿಗೆ ಕಲಿಸಿದ್ದು ಬೆಂಗಳೂರಿನ ಆ ಪೀಪಾಯಿಯೇ.

ಈಗಿನ ಶತ್ರುವು ಡೆಂಗಿ ಜ್ವರ. ೨೦೨೪ರಲ್ಲಿ ಅದು ಕರ್ನಾಟಕದಲ್ಲಿ ಎಷ್ಟು ಹೆಚ್ಚಿತೆಂದರೆ ಆ ವರುಷದ ಸೆಪ್ಟೆಂಬರಿನಲ್ಲಿ ಸರ್ಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಪ್ರಕಟಿಸಿತು. ಬೆಂಗಳೂರಿನಲ್ಲಿಯೂ ಅದು ಬಹಳವಾಗಿತ್ತು. ಈ ಜ್ವರವನ್ನು ತರುವ ಈಡಿಸ್ ಸೊಳ್ಳೆಯ ಗುಣವನ್ನು ಎಲ್ಲರೂ ತಿಳಿದಿರಬೇಕು. ಇದು ಹಗಲಿನಲ್ಲಿ ಕಚ್ಚುವದು. ಕೊಚ್ಚೆಯಲ್ಲಿ ಅಲ್ಲ, ತಿಳಿ ನೀರಿನಲ್ಲಿ ಮೊಟ್ಟೆಯಿಡುವದು. ಒಂದು ಲೋಟದಷ್ಟು ನೀರಿದ್ದರೂ ಅದಕ್ಕೆ ಸಾಕು. ಮೊಟ್ಟೆಯು ರೆಕ್ಕೆಯ ಸೊಳ್ಳೆಯಾಗುವದಕ್ಕೆ ಸುಮಾರು ೭ರಿಂದ ೧೦ ದಿವಸಗಳು ಹಿಡಿಯುವವು. ನೀರು ಆರಿದರೂ ಮೊಟ್ಟೆಗಳು ಪಾತ್ರೆಯ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಇದ್ದು, ಮರಳಿ ನೀರು ಬಿದ್ದಾಗ ಒಡೆಯುವವು. ಇನ್ನು ಕಚ್ಚದೆ ಇರುವ ಹೊತ್ತಿನಲ್ಲಿ ಅದು ಎಲ್ಲಿ ಕೂತಿರುವದು? ಬೀರುವಿನ ಹಿಂದೆ, ಮಂಚದ ಕೆಳಗೆ, ಕಪಾಟಿನ ಒಳಗೆ, ಮೊಳೆಗೆ ನೇತುಹಾಕಿದ ಬಟ್ಟೆಗಳ ನಡುವೆ. ತಂಪೂ ಕತ್ತಲೆಯೂ ಇರುವ, ಯಾರೂ ಕದಲಿಸದ ಸ್ಥಳವೇ ಅದಕ್ಕೆ ಮನೆ.

ಮತ್ತೊಂದು ಮಾತನ್ನು ವಿಶೇಷವಾಗಿ ಗಮನಿಸಿರಿ. ಈ ಸೊಳ್ಳೆಯು ದೂರ ಹಾರುವದಲ್ಲ. ಹುಟ್ಟಿದ ಸ್ಥಳದಿಂದ ಸಾಧಾರಣವಾಗಿ ಕೆಲವು ನೂರು ಗಜಗಳೊಳಗೇ ಅದರ ಜೀವಮಾನ ಕಳೆಯುವದು. ಹೀಗಿರಲಾಗಿ ನೆರೆಯ ಮನೆಯ ಕೂಸನ್ನು ಕಚ್ಚಿದ ಸೊಳ್ಳೆಯು ಎಲ್ಲಿ ಹುಟ್ಟಿರಬಹುದು? ಬಹುಶಃ ಅದೇ ಬೀದಿಯಲ್ಲಿ. ಪ್ರಾಯಶಃ ನಮ್ಮ ಮನೆಯಲ್ಲಿಯೇ.

೪. ನಮ್ಮ ಮನೆಯಲ್ಲಿ ನಡೆದದ್ದು

ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿತವರಲ್ಲ. ಕೆಲವು ವರುಷಗಳ ಹಿಂದೆ ನಾವು ಹಲಸೂರಿನ ಒಂದು ವಠಾರದಲ್ಲಿ ಬಾಡಿಗೆಗೆ ಇದ್ದೆವು. ಆರು ಮನೆಗಳು, ನಡುವೆ ಒಂದು ಅಂಗಳ, ಒಂದು ನಲ್ಲಿ. ಸೆಪ್ಟೆಂಬರ್ ತಿಂಗಳು, ದಿವಸ ಬಿಟ್ಟು ದಿವಸ ಮಳೆ. ಎದುರು ಮನೆಯ ಏಳು ವರುಷದ ಹುಡುಗನಿಗೆ ಜ್ವರ ಬಂತು. ಮೂರನೆಯ ದಿವಸ ಮೈಮೇಲೆ ಕೆಂಪು ಚುಕ್ಕೆಗಳು ಕಂಡವು. ಆಸ್ಪತ್ರೆಗೆ ಸೇರಿಸಿದರು, ರಕ್ತ ನೋಡಿ ಡೆಂಗಿ ಎಂದರು. ಹುಡುಗನ ತಂದೆ ಆಟೋ ಓಡಿಸುವವರು. ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಆರು ದಿವಸ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು.

ಆ ವಾರದಲ್ಲಿ ಆಶಾ ಕಾರ್ಯಕರ್ತೆಯೊಬ್ಬಳು ಟಾರ್ಚು ಹಿಡಿದುಕೊಂಡು ವಠಾರಕ್ಕೆ ಬಂದಳು. ನಮ್ಮ ಮನೆಯ ನೀರಿನ ಡ್ರಮ್ಮನ್ನು ನೋಡಿ, ಮುಚ್ಚಳ ಗಟ್ಟಿಯಾಗಿದೆ ಎಂದು ಮೆಚ್ಚಿದಳು. ನಾವು ಸಂತೋಷಪಟ್ಟೆವು. ಅನಂತರ ಬಚ್ಚಲಿನ ಪಕ್ಕದಲ್ಲಿದ್ದ ಗೋಡೆಕಪಾಟನ್ನು ತೋರಿಸಿ, “ಇದರೊಳಗೆ ಏನಿದೆ ಅಕ್ಕಾ?” ಎಂದು ನಮ್ಮ ಮನೆಯವರನ್ನು ಕೇಳಿದಳು.

“ಏನೂ ಇಲ್ಲಮ್ಮಾ, ಹಳೇ ಸಾಮಾನು.”

“ಹಳೇ ಸಾಮಾನನ್ನೇ ನಾನು ನೋಡಬೇಕಾಗಿರೋದು ಅಕ್ಕಾ, ಸ್ವಲ್ಪ ತೆಗೀರಿ.”

ಬಾಗಿಲು ಉಬ್ಬಿ ಹಿಡಿದುಕೊಂಡಿತ್ತು. ನಾವೇ ಬಲವಾಗಿ ಎಳೆದು ತೆಗೆದೆವು. ಒಳಗೆ ಮುರಿದ ಒಲೆ, ಮಕ್ಕಳ ಹಳೆ ಚಪ್ಪಲಿಗಳು, ತೇವದಿಂದ ಕಪ್ಪಾದ ಒಂದು ಕಂಬಳಿ, ಅದರ ಹಿಂದೆ ಒಂದು ಒಡಕು ಬಕೆಟ್ಟು. ಮೇಲಿನ ಸಂದಿನಿಂದ ಮಳೆಯ ನೀರು ಹನಿಹನಿಯಾಗಿ ಆ ಬಕೆಟ್ಟಿಗೆ ಬೀಳುತ್ತಿತ್ತು. ಒಡಕು ಪಕ್ಕದಲ್ಲಿದ್ದದರಿಂದ ತಳದಲ್ಲಿ ನಾಲ್ಕು ಬೆರಳಿನಷ್ಟು ನೀರು ನಿಂತಿತ್ತು. ಟಾರ್ಚಿನ ಬೆಳಕು ಬಿದ್ದೊಡನೆ ನೀರೊಳಗಿನ ಹುಳಗಳು ಕೆಳಕ್ಕೆ ಮುಳುಗಿದವು. ಕಂಬಳಿಯಿಂದ ಸೊಳ್ಳೆಗಳು ಎದ್ದು ನಮ್ಮ ಮುಖದ ಮುಂದೆಯೇ ಹಾರಿಹೋದವು.

ಆ ಹುಡುಗನಿಗೆ ಜ್ವರ ಬಂದದ್ದು ನಮ್ಮ ಬಕೆಟ್ಟಿನಿಂದಲೇ ಎಂದು ಹೇಳುವದಕ್ಕೆ ಆಗದು. ಅಲ್ಲವೆಂದು ಹೇಳುವದಕ್ಕೂ ಆಗದು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಅಂಗಳವನ್ನು ದಿನವೂ ಗುಡಿಸಿದ್ದೆವು, ಆದಿತ್ಯವಾರದ ಬಟ್ಟೆಯನ್ನು ಇಸ್ತ್ರಿ ಮಾಡಿ ಬೀರುವಿನಲ್ಲಿ ಇಟ್ಟಿದ್ದೆವು, ಇತರರಿಗೆ ಶುದ್ಧದ ವಿಷಯವಾಗಿ ಉಪದೇಶವನ್ನೂ ಮಾಡಿದ್ದೆವು. ಆದರೆ ಎರಡು ವರುಷ ಆ ಒಂದು ಬಾಗಿಲನ್ನು ತೆರೆದಿರಲಿಲ್ಲ.

ಹುಡುಗನು ಬದುಕಿ ಮನೆಗೆ ಬಂದನು. ಎರಡು ದಿವಸಗಳಾದ ಮೇಲೆ ನಾವು ಹೋಗಿ ಅವನ ತಾಯಿಗೆ ಬಕೆಟ್ಟಿನ ಸಂಗತಿಯನ್ನು ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನಮ್ಮ ಮನೆ ಅಟ್ಟಾನೂ ನಾವು ಈ ವರ್ಷ ನೋಡಿಲ್ಲ ಅಣ್ಣಾ. ಭಾನುವಾರ ಮಧ್ಯಾಹ್ನ ಎಲ್ಲರ ಮನೇದೂ ಒಟ್ಟಿಗೆ ತೆಗೆಯೋಣ” ಎಂದರು. ಹಾಗೆಯೇ ಮಾಡಿದೆವು. ಆರು ಮನೆಗಳ ಸಾಮಾನು ಅಂಗಳದಲ್ಲಿ ರಾಶಿ ಬಿದ್ದಾಗ ಮುಂದಿನ ಬಾಗಿಲಿಗೆ ದಾರಿಯಿರಲಿಲ್ಲ. ಮಲೆತ ನೀರು ಮತ್ತೆ ಎರಡು ಮನೆಗಳಲ್ಲಿ ಸಿಕ್ಕಿತು.

೫. ಕ್ರಮಪಡಿಸುವ ರೀತಿ

ಇನ್ನು ಈ ಕೆಲಸವನ್ನು ಹೇಗೆ ಮಾಡತಕ್ಕದ್ದೆಂದು ನೋಡೋಣ.

ಮೊದಲನೆಯದು, ಹೊರಗೆ ಹಾಕುವದು. ಇಡೀ ಮನೆಯನ್ನು ಒಂದೇ ದಿವಸದಲ್ಲಿ ಹರವಿಕೊಂಡರೆ ಸಾಯಂಕಾಲಕ್ಕೆ ದಣಿದು, ಎಲ್ಲವನ್ನೂ ಮರಳಿ ತುರುಕುವೆವು. ದಿವಸಕ್ಕೆ ಒಂದು ಖಾನೆ ಅಥವಾ ಒಂದು ಪೆಟ್ಟಿಗೆ ಸಾಕು. ಆದರೆ ಆ ಒಂದನ್ನು ಪೂರ್ತಿಯಾಗಿ ಬರಿದುಮಾಡಿ, ಮೂಲೆಗಳನ್ನು ಒರಸಿ, ಸಂದುಗಳನ್ನು ನೋಡಬೇಕು. ಕಿರುಬೆರಳು ತೂರುವಷ್ಟು ಸಂದಿದ್ದರೆ ಸುಂಡಿಲಿಗೆ ಅದೇ ಬಾಗಿಲು, ಸಿಮೆಂಟಿನಿಂದ ಮುಚ್ಚಿರಿ. ಇಲಿಯ ಹಿಕ್ಕೆ ಸಿಕ್ಕಿದರೆ ಒಣ ಪೊರಕೆಯಿಂದ ಗುಡಿಸಬಾರದು. ಧೂಳು ಮೂಗಿಗೆ ಹೋಗುವದು. ಬ್ಲೀಚಿಂಗ್ ಪುಡಿಯ ನೀರನ್ನು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒರಸಿ ತೆಗೆಯಿರಿ. ಇಲಿಯ ಮೂತ್ರದಿಂದ ಬರುವ ಇಲಿಜ್ವರವು ಈಗಲೂ ನಮ್ಮ ನಾಡಿನಲ್ಲಿ ಉಂಟು.

ಎರಡನೆಯದು, ವಿಂಗಡಿಸುವದು. ನಾಲ್ಕು ರಾಶಿ ಮಾಡಿರಿ: ನಾವು ಬಳಸುವದು, ರಿಪೇರಿ ಮಾಡಿ ಬಳಸುವದು, ಬೇರೊಬ್ಬರಿಗೆ ಉಪಯೋಗವಾಗುವದು, ಯಾರಿಗೂ ಬೇಡದ್ದು. ರಿಪೇರಿಯ ರಾಶಿಗೆ ಒಂದು ತಿಂಗಳು ಗಡುವು ಕೊಡಿರಿ. ತಿಂಗಳೊಳಗೆ ಗುಂಡಿ ಹೊಲಿಯದ ಅಂಗಿಯನ್ನು ಮುಂದೆಯೂ ಹೊಲಿಯೆವು.

ಮೂರನೆಯದು, ಒಣಗಿಸುವದು. ಬೆಂಗಳೂರಿನ ಸೀಮೆಯಲ್ಲಿ ಮಳೆಯು ಮೇ ತಿಂಗಳಿನಿಂದ ಅಕ್ಟೋಬರಿನ ವರೆಗೂ ಬಿಟ್ಟುಬಿಟ್ಟು ಬರುವದು. ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಹೆಚ್ಚು. ಆದಕಾರಣ ಮಳೆಗೆ ಮುಂಚೆ ಬೇಸಿಗೆಯಲ್ಲಿ ಒಂದು ಸಾರಿ, ಮಳೆ ಮುಗಿದ ಮೇಲೆ ಒಂದು ಸಾರಿ, ಹೀಗೆ ವರುಷಕ್ಕೆ ಎರಡು ಸಾರಿಯಾದರೂ ಎಲ್ಲವನ್ನೂ ಬಿಸಿಲು ಕಾಣಿಸಿರಿ. ರೇಷ್ಮೆಗೆ ನೇರ ಬಿಸಿಲು ತಗದು. ನೆರಳಿನ ಗಾಳಿ ಸಾಕು. ಬೀರುವನ್ನು ಗೋಡೆಗೆ ಒತ್ತಿ ನಿಲ್ಲಿಸದೆ ನಾಲ್ಕು ಬೆರಳು ಬಿಡಿರಿ; ಬಚ್ಚಲಿನ ಗೋಡೆಯಾದರೆ ಬೇರೆ ಗೋಡೆಯನ್ನು ಹುಡುಕಿರಿ. ಒದ್ದೆಯ ವಾಸನೆಯಿರುವ ಬಟ್ಟೆಯನ್ನು ಒಳಗೆ ಇಡಬೇಡಿರಿ. ಒಂದರ ಬೂಜು ಹತ್ತಕ್ಕೆ ಹತ್ತುವದು.

ನಾಲ್ಕನೆಯದು, ಇಡುವದು. ಭಾರವಾದದ್ದು ಕೆಳಗಿನ ಖಾನೆಗೆ. ಮೇಲೆ ಭಾರ ತುಂಬಿದ ಬೀರುವಿಗೆ ಮಗುವು ಹತ್ತಿದರೆ ಅದು ಮಗುವಿನ ಮೇಲೆ ಬೀಳುವದು. ದಿನಬಳಕೆಯದ್ದು ಎದೆಯ ಮಟ್ಟಕ್ಕೆ. ಒಂದು ಕೋಣೆಯ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾಲು ಇರಲಿ. ಹೊಸದಾಗಿ ಬಂದ ಸೊಸೆಗೂ ಮುದುಕಿಯಾದ ಅತ್ತೆಗೂ ತಮ್ಮದೆನ್ನುವ ಒಂದು ಖಾನೆಯಿದ್ದರೆ ಬಹಳ ಜಗಳಗಳು ತಪ್ಪುವವು. ರೇಷನ್ ಕಾರ್ಡು, ಆಧಾರ್, ಪಹಣಿ, ಮಕ್ಕಳ ಜನನಪತ್ರ, ಆಸ್ಪತ್ರೆಯ ಚೀಟಿಗಳು, ಇವೆಲ್ಲಾ ಒಂದೇ ತಗಡಿನ ಪೆಟ್ಟಿಗೆಯಲ್ಲಿ ಇರಲಿ, ಮತ್ತು ಅದು ಎಲ್ಲಿದೆ ಎಂಬುವದು ಗಂಡನಿಗೆ ಮಾತ್ರವಲ್ಲ, ಮನೆಯ ದೊಡ್ಡವರೆಲ್ಲರಿಗೂ ತಿಳಿದಿರಲಿ. ನಡುರಾತ್ರಿಯಲ್ಲಿ ಆಸ್ಪತ್ರೆಗೆ ಓಡುವಾಗ ಕಾರ್ಡು ಹುಡುಕುತ್ತಾ ಕಳೆದ ಅರ್ಧ ಗಂಟೆಯು ಮರಳಿ ಬಾರದು.

ಬಟ್ಟೆಯ ವಿಷಯವಾಗಿ ಕೆಲವು ಮಾತುಗಳು. ಗಂಜಿ ಹಾಕಿದ ಹತ್ತಿಬಟ್ಟೆಯನ್ನು ಬಹುಕಾಲ ಮಡಿಸಿಡುವದಾದರೆ ಗಂಜಿಯನ್ನು ತೊಳೆದು ತೆಗೆಯಿರಿ. ಆ ಗಂಜಿಯನ್ನೇ ತಿನ್ನುವದಕ್ಕೆ ಬೆಳ್ಳಿಬಣ್ಣದ ಹುಳಗಳು ಬರುವವು. ನುಸಿಯು ಉಣ್ಣೆಯನ್ನೂ ರೇಷ್ಮೆಯನ್ನೂ ಹುಡುಕುವದು, ಬೆವರಿನ ಕಲೆಯಿದ್ದರೆ ಇನ್ನೂ ಬೇಗ. ಆದದರಿಂದ ಉಟ್ಟ ಬಟ್ಟೆಯನ್ನು ಒಗೆಯದೆ ಒಳಗಿಡಬಾರದು. ಮದುವೆಯ ಸೀರೆಯನ್ನು ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆಯನ್ನು ಬದಲಾಯಿಸಿರಿ. ಒಂದೇ ಮಡಿಕೆಯಲ್ಲಿ ಜರಿಯು ಮುರಿಯುವದು. ಪ್ಲಾಸ್ಟಿಕ್ ಚೀಲವು ತೇವವನ್ನು ಒಳಗೇ ಹಿಡಿದಿಡುವದು. ಒಣಗಿದ ಬೇವಿನ ಸೊಪ್ಪು ನಮ್ಮ ಹಿರಿಯರ ರೂಢಿ. ಪೂರ್ತಿ ಒಣಗಿರಬೇಕು, ಆಗಾಗ ಹೊಸದನ್ನು ಹಾಕಬೇಕು. ನುಸಿಗುಳಿಗೆಯನ್ನು ಹಾಕುವವರು ಎಚ್ಚರವಾಗಿರಿ: ಸಣ್ಣ ಮಕ್ಕಳು ಅದನ್ನು ಪೆಪ್ಪರ್‌ಮಿಂಟೆಂದು ಬಾಯಿಗೆ ಹಾಕುವರು. ಅಲ್ಲದೆ ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಕೊರತೆಯುಳ್ಳ ಕೂಸುಗಳಿದ್ದಾವೆ. ಗುಳಿಗೆಯ ವಾಸನೆ ಹಿಡಿದ ಬಟ್ಟೆಯಲ್ಲಿ ಸುತ್ತಿದರೂ ಅವುಗಳ ರಕ್ತಕಣಗಳು ಒಡೆದು ಕಾಮಾಲೆ ಬರಬಹುದು. ಹಸುಗೂಸಿನ ಬಟ್ಟೆಯ ಹತ್ತಿರ ನುಸಿಗುಳಿಗೆಯು ಸರ್ವಥಾ ಬೇಡ.

ಐದನೆಯದು, ವಿಷವನ್ನು ಬೇರೆಯಾಗಿಡುವದು. ಫಿನಾಯಿಲು, ಬಚ್ಚಲು ತೊಳೆಯುವ ಆಸಿಡ್, ಹೊಲಕ್ಕೆ ಹೊಡೆಯುವ ಔಷಧ, ಇಲಿಪಾಷಾಣ, ಇವು ಊಟದ ಪದಾರ್ಥಗಳ ಕಪಾಟಿನಲ್ಲಿ ಇರಲೇಬಾರದು. ಮಗುವಿನ ಕೈಗೆ ಎಟಕದ ಎತ್ತರದಲ್ಲಿ, ಬೀಗದೊಳಗೆ ಇರಬೇಕು. ಕುಡಿಯುವ ಪಾನಕದ ಖಾಲಿ ಬಾಟಲಿಗೆ ಇವುಗಳನ್ನು ಎಂದಿಗೂ ಸುರಿದಿಡಬಾರದು. ಬಾಯಾರಿದ ಮಗುವಿಗೆ ಬಾಟಲಿಯ ಗುರುತೇ ಸಾಕು. ಪೇಸ್ಟಿನ ರೂಪದ ಕೆಲವು ಇಲಿಪಾಷಾಣಗಳು ಬಹಳ ಘೋರವಾದವು. ತಿಂದವರು ಒಂದೆರಡು ದಿವಸ ಚೆನ್ನಾಗಿರುವಂತೆ ತೋರಿ, ಆ ಮೇಲೆ ಪಿತ್ತಜನಕಾಂಗವು ಕೆಟ್ಟು ಸಾಯುವದುಂಟು. ಆದಕಾರಣ ಯಾರಾದರೂ ಇಂಥದ್ದನ್ನು ನುಂಗಿದರೆ, ಚೆನ್ನಾಗಿದ್ದಾರೆಂದು ತಡಮಾಡದೆ, ವಾಂತಿ ಮಾಡಿಸುವದಕ್ಕೂ ಹೋಗದೆ, ಆ ಡಬ್ಬಿಯನ್ನೋ ಬಾಟಲಿಯನ್ನೋ ಕೈಯಲ್ಲಿ ಹಿಡಿದುಕೊಂಡು ಒಡನೆ ಆಸ್ಪತ್ರೆಗೆ ಹೋಗಿರಿ. ಔಷಧಗಳನ್ನೂ ತಾರೀಕು ನೋಡಿ ಇಡಿರಿ. ಗಡುವು ಮುಗಿದದ್ದನ್ನು ಮುಂದಕ್ಕೆ ಬೇಕಾದೀತೆಂದು ಉಳಿಸಬಾರದು.

೬. ಬೇಡದ್ದನ್ನು ಏನು ಮಾಡಬೇಕು

ನಮ್ಮಲ್ಲಿ ಸಾಮಾನನ್ನು ಬಿಡುವದಕ್ಕೆ ಮನಸ್ಸು ಬಾರದೆ ಇರುವದಕ್ಕೆ ಕಾರಣವುಂಟು. ಬಡತನವನ್ನು ಕಂಡವರು ಒಂದು ಹಗ್ಗದ ತುಂಡನ್ನೂ ಬಿಸಾಡರು. ಅದನ್ನು ನಾವು ಹೀನೈಸುವದಿಲ್ಲ. ನಮ್ಮ ತಾಯಿಯೂ ಹಾಗೆಯೇ ಇದ್ದರು. ಆದರೆ ಇಟ್ಟದ್ದು ಕಾಲಕ್ಕೆ ಸಿಕ್ಕಿದರೆ ತಾನೇ ಉಳಿತಾಯ? ಎಲ್ಲಿದೆಯೋ ತಿಳಿಯದೆ ಅದೇ ವಸ್ತುವನ್ನು ಮರಳಿ ಕೊಂಡರೆ ಎರಡು ಸಾರಿ ಖರ್ಚಾಯಿತು.

ಒಳ್ಳೆಯ ಸ್ಥಿತಿಯಲ್ಲಿರುವ ಬಟ್ಟೆಯನ್ನು ಒಗೆದು, ಗುಂಡಿ ಹೊಲಿದು, ಮಡಿಸಿ ಕೊಡಿರಿ. ನಾವು ಉಡಲು ನಾಚುವ ಹರಕನ್ನು ಬಡವರಿಗೆ ಕೊಟ್ಟು ದಾನವೆನ್ನಬಾರದು. ಹಳೆ ಬಟ್ಟೆಗೆ ಸ್ಟೀಲು ಪಾತ್ರೆ ಕೊಡುವವರು ಬೀದಿಗೆ ಬಂದರೆ ಅವರಿಗೆ ಕೊಡಬಹುದು. ಕಬ್ಬಿಣ, ಕಾಗದ, ಬಾಟಲಿಗಳು ಗುಜರಿಗೆ ಹೋಗಲಿ. ತೀರಾ ಹರಿದದ್ದನ್ನು ನೆಲ ಒರಸುವದಕ್ಕೆ ಇಟ್ಟುಕೊಂಡು, ಮಿಕ್ಕದ್ದನ್ನು ಒಣಕಸದ ಗಾಡಿಗೆ ಬೇರೆಯಾಗಿ ಕೊಡಿರಿ. ಪಟ್ಟಣದಲ್ಲಿರುವವರು ಇದನ್ನು ಕೆರೆಯ ಏರಿಯ ಮೇಲಾಗಲಿ ಖಾಲಿ ಸೈಟಿನಲ್ಲಾಗಲಿ ಎಸೆಯಬಾರದು. ನಮ್ಮ ಕಪಾಟನ್ನು ಬರಿದುಮಾಡಿ ನೆರೆಯವರ ಪಕ್ಕದಲ್ಲಿ ರಾಶಿ ಹಾಕಿದರೆ, ಅಲ್ಲಿ ನಿಲ್ಲುವ ಮಳೆನೀರು ಅದೇ ಸೊಳ್ಳೆಯನ್ನು ಸಾಕುವದು. ಅದನ್ನು ಬಾಚುವ ಪೌರಕಾರ್ಮಿಕಳ ಕೈಗೆ ನಮ್ಮ ಒಡಕು ಗಾಜು ತಗಲುವದು.

೭. ಗಂಡಸರಿಗೆ ಒಂದು ಮಾತು

ಈ ಪಾಠವನ್ನು ಓದಿ, “ಇದು ಹೆಂಗಸರ ಕೆಲಸ” ಎಂದು ಪತ್ರಿಕೆಯನ್ನು ಮಡಿಸಿ ಹೆಂಡತಿಯ ಕೈಗೆ ಕೊಡುವ ಸಹೋದರರಿಗೆ ನಾವು ಹೇಳುವದೇನಂದರೆ, ಅಟ್ಟದ ಮೇಲೆ ಆ ಮೂಟೆಗಳನ್ನು ಎತ್ತಿಟ್ಟವರು ಬಹಳಮಟ್ಟಿಗೆ ನಾವೇ. ಮುರಿದ ಫ್ಯಾನು, ಹಳೆ ಟೈರು, ಮುಂದೆ ಉಪಯೋಗಕ್ಕೆ ಬಂದೀತೆಂದು ತಂದ ಹಲಗೆಗಳು ನಮ್ಮವೇ. ಏಣಿ ಹತ್ತುವದೂ ಬೀರುವನ್ನು ಕದಲಿಸುವದೂ ಸಂದುಗಳಿಗೆ ಸಿಮೆಂಟು ಮೆತ್ತುವದೂ ನಮ್ಮ ಪಾಲಿಗೆ ಇರಲಿ. ಮಕ್ಕಳು ತಮ್ಮ ಪುಸ್ತಕದ ಖಾನೆಯನ್ನು ತಾವೇ ನೋಡಿಕೊಳ್ಳಲಿ. ಎಲ್ಲರೂ ತುಂಬಿದ ಕಪಾಟನ್ನು ಒಬ್ಬಳೇ ಬರಿದುಮಾಡಬೇಕೆಂಬುವದು ನ್ಯಾಯವಲ್ಲ.

ಮುಕ್ತಾಯ

ಪ್ಲೇಗಿನ ಕಾಲದಲ್ಲಿ ಅಧಿಕಾರಿಗಳು ಜನರ ಮನೆಯನ್ನು ಹೊಕ್ಕು ಶೋಧಿಸಬೇಕಾಯಿತು. ಜನರು ಅದರಿಂದ ಬಹಳ ನೊಂದರು. ನಮ್ಮ ವಠಾರದಲ್ಲಿ ಒಬ್ಬ ಹೆಣ್ಣುಮಗಳು ಟಾರ್ಚು ಹಿಡಿದು ಬಂದು ಕೇಳಬೇಕಾಯಿತು. ಬೇರೆಯವರು ಬಂದು ತೆರೆಯುವದಕ್ಕೆ ಮುಂಚೆ ನಮ್ಮ ಬಾಗಿಲನ್ನು ನಾವೇ ತೆರೆದು ನೋಡುವದು ಎಷ್ಟೋ ಮೇಲು. ಮನೆಯ ಬೀಗದ ಕೈ ನಮ್ಮದೇ. ಆದರೆ ಒಳಗೆ ಬೆಳೆಯುವ ಇಲಿಯೂ ಸೊಳ್ಳೆಯೂ ಬೀದಿಯವರೆಲ್ಲರಿಗೂ ಸೇರಿದ್ದು. ಆದಕಾರಣ ಇದು ಅಂದಚಂದದ ಮಾತಲ್ಲ, ನೆರೆಯವರ ಮಕ್ಕಳ ಪ್ರಾಣದ ಮಾತು.

ಈ ಪತ್ರಿಕೆಯು ನಿಮ್ಮ ಕೈಸೇರಿದ ವಾರದಲ್ಲಿಯೇ ಒಂದು ಬಾಗಿಲನ್ನು ತೆರೆಯಿರಿ. ಯಾವದನ್ನು ತೆರೆಯಲು ಮನಸ್ಸು ಹಿಂಜರಿಯುವದೋ ಅದರಿಂದಲೇ ಆರಂಭಿಸಿರಿ.

ಮನೆಯವರು ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

೧. ನಮ್ಮ ಮನೆಯಲ್ಲಿ ಒಂದು ವರುಷದಿಂದ ತೆರೆಯದ ಪೆಟ್ಟಿಗೆ, ಕಪಾಟು, ಅಟ್ಟ ಯಾವದು? ಅದರೊಳಗೆ ಏನಿದೆಯೆಂದು ಯಾರಿಗಾದರೂ ಗೊತ್ತೋ?

೨. ಇಲಿಗೆ ಬೇಕಾದ ಮೂರು ಸಂಗತಿಗಳು ಯಾವವು? ಅವು ನಮ್ಮ ಮನೆಯಲ್ಲಿ ಎಲ್ಲಿ ಕೂಡಿವೆ?

೩. ಈಡಿಸ್ ಸೊಳ್ಳೆಯು ಎಲ್ಲಿ ಮೊಟ್ಟೆಯಿಡುವದು, ಎಲ್ಲಿ ಕೂತಿರುವದು? ವಾರಕ್ಕೊಮ್ಮೆ ನೀರನ್ನು ಚೆಲ್ಲಿ ಪಾತ್ರೆಯ ಅಂಚನ್ನು ಉಜ್ಜಬೇಕಾದದ್ದು ಯಾಕೆ?

೪. ಮನೆಯಲ್ಲಿರುವ ವಿಷಪದಾರ್ಥಗಳನ್ನು ಹೆಸರಿಸಿರಿ. ಮೂರು ವರುಷದ ಮಗುವಿಗೆ ಅವು ಎಟಕುತ್ತವೋ?

೫. ಮನೆಯ ಮುಖ್ಯ ಕಾಗದಪತ್ರಗಳು ಎಲ್ಲಿವೆ ಎಂದು ಮನೆಯ ದೊಡ್ಡವರೆಲ್ಲರೂ ಹೇಳಬಲ್ಲರೋ?

೬. ನಮ್ಮ ಬೀದಿಯವರೆಲ್ಲರೂ ಒಂದೇ ಮಧ್ಯಾಹ್ನ ಕೂಡಿ ಈ ಕೆಲಸ ಮಾಡುವಂತೆ ಮೊದಲು ಯಾರ ಸಂಗಡ ಮಾತಾಡಬೇಕು?